ದೊಡ್ಡವ್ವನ ತುಟಿಗಳಲ್ಲಿ ಮಾತಿರಲಿಲ್ಲ

ಅವ್ವ ತೀರಿಕೊಂಡ ದಿನ ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗೋಡೆಗೆ ಒರಗಿಸಿ ಕೂರಿಸಿದ್ದ ಅವ್ವ, ಹಣೆ ತುಂಬ ವಿಭೂತಿ. ಎರಡೂ ಬದಿಗೆ ಓಣಿಯ ಹೆಂಗಸರು. ಬಾಗಿಲ ಹತ್ತಿರ ಮುಧೋಳದಿಂದ ಬಂದ ಬೀಗರು. ಹೊರಗೆ ಕಟ್ಟೆಯ ಮೇಲೆ, ಮಗ್ಗ ಬಂದ್ ಮಾಡಿ ಬಂದು ಕೂತಿದ್ದ ಗಂಡಸರು. ನಮ್ಮ ಕಡೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿಕೊಂಡು ಅಳುತ್ತಾರೆ. ಸತ್ತವಳ ಗುಣ, ಅವಳ ಕೈಯ ರೊಟ್ಟಿ, ಅವಳು ಆಡಿದ ಜಗಳ, ಅವಳಿಗೆ ಕೊಡಿಸದೆ ಉಳಿದ ಸೀರೆ, ಎಲ್ಲವೂ ಆ ಅಳುವಿನಲ್ಲಿ ಬರಬೇಕು. ಅದನ್ನು ಎತ್ತಿಕೊಡಬೇಕಾದವಳು ಒಡಹುಟ್ಟಿದವಳು. ಅಂದರೆ ಅವ್ವನ ಅಕ್ಕ, ನನ್ನ ದೊಡ್ಡವ್ವ. ಅವಳು ಜಮಖಂಡಿಯಿಂದ ಬರಲಿ ಎಂದು ಇಡೀ ಪಡಸಾಲೆ ಉಸಿರು ಹಿಡಿದು ಕಾದಿತ್ತು.

ಬಂದಳು. ಒಂದು ರಟ್ಟೆ ಮಗ ಹಿಡಿದಿದ್ದ, ಇನ್ನೊಂದು ರಟ್ಟೆ ಸೊಸೆ. ನಾನು ಎದ್ದು ನಿಂತವಳು ಹಾಗೆಯೇ ನಿಂತುಬಿಟ್ಟೆ. ಕಡ್ಡಿಯಂತಿದ್ದ ದೊಡ್ಡವ್ವ ಬಾತುಕೊಂಡಿದ್ದಳು. ಹೆಜ್ಜೆ ಎತ್ತಿ ಇಡುತ್ತಿರಲಿಲ್ಲ, ನೆಲಕ್ಕೆ ಉಜ್ಜುತ್ತಿದ್ದಳು. ಬಾಯಿಯ ಒಂದು ಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ಸೊಸೆ ಅದನ್ನು ಸೆರಗಿನಿಂದ ಒರೆಸುತ್ತ ಬಂದಳು. ತಂಗಿಯ ಹೆಣದ ಮುಂದೆ ಕೂರಿಸಿದರು. ದೊಡ್ಡವ್ವ ನೋಡಿದಳು. ಎದುರು ಮನೆಯ ಗೋಡೆ ನೋಡಿದ ಹಾಗೆ ನೋಡಿದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಆಮೇಲೆ ಅವಳ ತುಟಿಗಳು ಅಲ್ಲಾಡತೊಡಗಿದವು.

"ನೋಡ್ರಿ, ತಂಗಿ ಜೋಡಿ ಮಾತಾಡಾಕತ್ತಾಳ," ಅಂದಳು ಒಬ್ಬಾಕೆ.

"ತಲಿ ಕೆಟ್ಟಾಕಿಗಿ ಏನ್ ಗೊತ್ತಾಕ್ಕೈತಿ ತಗೀ ಯಕ್ಕಾ. ಅಕಿಗಿ ಇದೂ ಒಂದ, ಮದವೀನೂ ಒಂದ," ಅಂದಳು ಮತ್ತೊಬ್ಬಾಕೆ.

ನಾನು ಆ ತುಟಿಗಳನ್ನೇ ನೋಡುತ್ತಿದ್ದೆ. ತುಟಿ ನೋಡಿ ಮಾತು ತಿಳಿಯುವುದು ನನಗೆ ಬರುತ್ತದೆ. ಅದನ್ನು ಕಲಿಸಿದವಳೂ ದೊಡ್ಡವ್ವನೇ. ಅವಳೇನು ಹೇಳುತ್ತಿದ್ದಾಳೆ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಕೆಳತುಟಿ ಒಳಗೆ ಹೋಗುತ್ತಿತ್ತು, ಹೊರಗೆ ಬರುತ್ತಿತ್ತು. ನಾಲಗೆ ಕೆನ್ನೆಯನ್ನು ಒಳಗಿನಿಂದ ತಿವಿಯುತ್ತಿತ್ತು. ದವಡೆ ಅಡ್ಡಡ್ಡ ತಿರುಗುತ್ತಿತ್ತು, ಬಾಯಲ್ಲಿ ಏನೂ ಇಲ್ಲದೆ ಮೆಲುಕು ಹಾಕಿದ ಹಾಗೆ. ಅಲ್ಲಿ ತಂಗಿ ಇರಲಿಲ್ಲ, ಸಾವು ಇರಲಿಲ್ಲ, ಬೈಗುಳವೂ ಇರಲಿಲ್ಲ. ಒಂದು ಅಕ್ಷರ ಮಾತು ಇರಲಿಲ್ಲ.

ಅವ್ವ ಪಾರ್ಶ್ವವಾಯುವಿನಿಂದ ಬಹಳ ದಿನ ಮಲಗಿದ್ದವಳು. ಅವಳ ಸಾವಿಗೆ ನನ್ನ ಎದೆ ತಯಾರಾಗಿತ್ತು. ಈ ತುಟಿಗಳಿಗೆ ತಯಾರಿರಲಿಲ್ಲ.

ಹೊರಗಿನವರಿಗೆ ಇದು ತಿಳಿಯಬೇಕಾದರೆ ನಮ್ಮ ಮಗ್ಗದ ಮನೆಯ ಮಾತು ಹೇಳಬೇಕು. ದೊಡ್ಡಪ್ಪನ ಪಾವರ್‌ಲೂಮ್ ಶೆಡ್ಡಿನಲ್ಲಿ ಅಕ್ಕ ತಂಗಿ ಇಬ್ಬರೂ ಎದುರುಬದುರು ಮಗ್ಗಗಳಲ್ಲಿ ಸೀರೆ ನೇಯುತ್ತಿದ್ದರು. ಪಾವರ್‌ಲೂಮಿನ ಸಪ್ಪಳ ಕೇಳಿದವರಿಗೆ ಗೊತ್ತು. ಎದೆಯೊಳಗೆ ಯಾರೋ ಕುಟ್ಟಿದ ಹಾಗಿರುತ್ತದೆ. ಅದರಲ್ಲಿ ಕೂಗಿದರೂ ಪಕ್ಕದವರಿಗೆ ಕೇಳದು. ಅದಕ್ಕೇ ನಮ್ಮವರು ಕೂಗುವುದಿಲ್ಲ. ದನಿ ಬಿಟ್ಟು, ತುಟಿಗಳನ್ನಷ್ಟೇ ಅಗಲಿಸಿ ಆಡಿಸುತ್ತಾರೆ, ಜೊತೆಗೆ ಕೈ, ಹುಬ್ಬು. ಅಷ್ಟರಲ್ಲಿ ಊರ ಸುದ್ದಿ, ಅತ್ತೆಯ ಚಾಡಿ, ಸಾರಿಗೆ ಉಪ್ಪು ಹೆಚ್ಚಾದದ್ದು, ಎಲ್ಲ ದಾಟಿಹೋಗುತ್ತದೆ. ದೊಡ್ಡವ್ವ ಹೀಗೆ ಕಥೆ ಹೇಳುತ್ತಿದ್ದಳು. ರಾಕ್ಷಸ ಬಂದ, ರಾಜಕುಮಾರಿ ಅತ್ತಳು, ಒಂದು ಗಂಟೆ ಒಂದು ದನಿ ಇಲ್ಲದೆ. ನೂಲು ಸುತ್ತಿದ ಕಂಡಿಕೆಗಳ ಬುಟ್ಟಿಯ ಪಕ್ಕದಲ್ಲಿ ಕೂತು ನಾನು ಬಾಯಿ ಬಿಟ್ಟು ನೋಡುತ್ತಿದ್ದೆ. ನನಗೆ ಮಾತು ಮೊದಲು ಕಣ್ಣಿಗೆ ಬಂತು, ಆಮೇಲೆ ಕಿವಿಗೆ.

ದನಿ ಯಾಕೆ ಬಿಡಬೇಕು ಎಂಬುದಕ್ಕೂ ಅವಳಲ್ಲಿ ಒಂದು ಕಥೆ ಇತ್ತು. ಯಾವನೋ ಸಾವಕಾರನ ಶೆಡ್ಡಿಗೆ ಹೊಸದಾಗಿ ಕೆಲಸಕ್ಕೆ ಬಂದ ಒಬ್ಬಾಕೆ ಪಕ್ಕದವಳ ಕಿವಿಗೆ ಬಾಯಿಟ್ಟು, "ಸಾವಕಾರನ ಮೀಸಿ ನೋಡ್, ಇಲಿ ಸಿಗದ ಬೆಕ್ಕಿನ್ಹಂಗ ಐತಿ," ಎಂದು ಜೀವ ಹೋಗುವ ಹಾಗೆ ಕೂಗಿದಳಂತೆ. ಅದೇ ಕ್ಷಣಕ್ಕೆ ಕರೆಂಟ್ ಹೋಯಿತು. ಮಗ್ಗಗಳೆಲ್ಲ ನಿಂತವು. ಬೆಕ್ಕಿನ ಮೀಸೆ ಮಾತ್ರ ಶೆಡ್ಡಿನ ತಗಡಿಗೆ ಬಡಿದು ತಿರುಗಿ ಬಂತು. ಸಾವಕಾರ ಬಾಗಿಲಲ್ಲಿ ನಿಂತಿದ್ದ. "ಅವತ್ತಿಂದ ನಮ್ಮ ಊರಾಗ ದನಿ ತಗಿಯೂದ ಬಿಟ್ಟಾರ ನೋಡು," ಎಂದು ದೊಡ್ಡವ್ವ ಕಥೆ ಮುಗಿಸುತ್ತಿದ್ದಳು.

ಇನ್ನೊಂದು ಮಾತು. ನಮ್ಮ ಓಣಿಯಲ್ಲಿ ವಯಸ್ಸಾದವರ ಕಿವಿ ಮಂದವಾಗುವುದು ಯಾರಿಗೂ ಸುದ್ದಿಯಲ್ಲ. ಕೂದಲು ಹಣ್ಣಾದ ಹಾಗೆ ಅದು. ಎಲ್ಲರೂ ತುಟಿ ನೋಡುತ್ತಾರೆ, ಎಲ್ಲರೂ ಕೈ ಆಡಿಸುತ್ತಾರೆ, ಆದ್ದರಿಂದ ಯಾರೂ ಕಿವುಡರಲ್ಲ. ದೊಡ್ಡವ್ವನಿಗೂ ತನ್ನ ಕಿವಿ ಹೋಗಿದೆ ಎಂದು ಯಾರೂ ಹೇಳಿರಲಿಲ್ಲ. ಅವಳಿಗೆ ಹಾಗೆ ಅನಿಸಿಯೂ ಇರಲಿಲ್ಲ.

ದೊಡ್ಡಪ್ಪ ಹೋದ ಮೇಲೆ ಮಗ್ಗ ಮಾರಿದರು. ದೊಡ್ಡವ್ವನ ಒಬ್ಬನೇ ಮಗ, ನಾನು ಅಣ್ಣ ಎನ್ನುವವನು, ಜಮಖಂಡಿಯ ಕೋರ್ಟಿನಲ್ಲಿ ಗುಮಾಸ್ತ. ಚಿಕ್ಕವನಿರುವಾಗಲೇ ಸಾವಳಗಿಯ ಅತ್ತೆಯ ಮನೆಯಲ್ಲಿದ್ದು ಓದಿದವನು, ಶೆಡ್ಡಿನ ಬಾಗಿಲು ದಾಟಿ ಒಳಗೆ ಕೂತವನಲ್ಲ. ಪ್ರೀತಿಯಿಂದಲೇ ತಾಯಿಯನ್ನು ಕರೆದುಕೊಂಡು ಹೋದ. ಊರ ಹೊರಗಿನ ಹೊಸ ಬಡಾವಣೆ, ಮಧ್ಯಾಹ್ನ ಗುಬ್ಬಿ ಕೂತರೆ ಕೇಳುವಷ್ಟು ಶಾಂತ. ಆ ಶಾಂತದಲ್ಲಿ ದೊಡ್ಡವ್ವನ ಕಿವಿಯೊಳಗೆ ಮಗ್ಗ ಶುರುವಾದವು.

"ಮಗ್ಗ ಯಾವಾಗ ಹಾಕಿದ್ರಿ ಅಕ್ಕಾರ? ನಡುಮಧ್ಯಾಹ್ನ ಒಂದ್ ತಾಸರ ಬಂದ್ ಮಾಡ್ರಿ," ಎಂದು ಪಕ್ಕದ ಮನೆಗೆ ಹೋಗಿ ಕೇಳಿದಳಂತೆ. ಪಕ್ಕದವರ ಮನೆಯಲ್ಲಿ ಇದ್ದದ್ದು ಒಂದು ತುಳಸಿ ಕಟ್ಟೆ, ಒಂದು ಮಿಕ್ಸರ್. ಎದುರು ಮನೆಯ ಮಾಳಿಗೆಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸಿಗೆ ಇವಳು ತನ್ನ ಮಾಳಿಗೆಯಿಂದ, ಶೆಡ್ಡಿನ ರೂಢಿಯಂತೆ, ತುಟಿ ಆಡಿಸಿ ಕೈ ತಿರುಗಿಸಿ "ಉಂಡ್ರೇನು?" ಎಂದು ಕೇಳಿದಳು. ಆ ಹೆಂಗಸು ಬಟ್ಟೆ ಅಲ್ಲೇ ಬಿಟ್ಟು ಓಡಿದಳು. ಮುದುಕಿ ಮಂತ್ರ ಹಾಕುತ್ತಾಳೆ ಎಂದು ಓಣಿಯಲ್ಲಿ ಸುದ್ದಿಯಾಯಿತು.

ಅದೇ ಹೊತ್ತಿಗೆ ಜಗತ್ತೆಲ್ಲ ಬಾಯಿಗೆ ಮಾಸ್ಕ್ ಕಟ್ಟಿಕೊಂಡಿತು. ವಯಸ್ಸಾದವಳಿಗೆ ರೋಗ ತಾಗದಿರಲಿ ಎಂದು ಮನೆಯೊಳಗೂ ಮಗ, ಸೊಸೆ, ಹೊರಗೆ ಹಾಲಿನವ, ಎಲ್ಲರ ತುಟಿಯೂ ಬಟ್ಟೆಯ ಹಿಂದೆ. ದೊಡ್ಡವ್ವನಿಗೆ ಜಗತ್ತು ಒಮ್ಮೆಲೇ ಮೂಕವಾಯಿತು. ಕೇಳಿದ್ದಕ್ಕೆ ಇನ್ನೇನೋ ಉತ್ತರ ಕೊಡತೊಡಗಿದಳು. "ನನ್ನ ಕಂಡ್ರ ಬಾಯಿ ಮುಚ್ಚಕೊಂಡ ಮಾತಾಡತಾರ, ನನ್ನ ಬಗ್ಗೆನ ಮಾತಾಡತಾರ," ಎಂದು ಸಂಶಯ ಪಟ್ಟಳು. ಒಬ್ಬಳೇ ಕೂತು, ಎದುರು ತಂಗಿ ಇದ್ದಾಳೆ ಎನ್ನುವ ಹಾಗೆ ತುಟಿ ಆಡಿಸಿ ಸುಖ ದುಃಖ ಹೇಳಿಕೊಂಡಳು.

ಆಗ ಅವ್ವ ಅವಳಿಗೆ ಫೋನ್ ಮಾಡುತ್ತಿದ್ದಳು. ಅವ್ವನ ಕಿವಿಯೂ ಅಷ್ಟೇ. ಇತ್ತ ಅವ್ವ ತನ್ನ ಸೊಂಟದ ನೋವು ಹೇಳಿದರೆ ಅತ್ತ ದೊಡ್ಡವ್ವ ತನ್ನ ಸೊಸೆಯ ಹೋಳಿಗೆ ಹರಿದ ಕಥೆ ಹೇಳುತ್ತಿದ್ದಳು. ಇಬ್ಬರೂ ಒಂದಕ್ಷರ ಕೇಳಿಸಿಕೊಳ್ಳದೆ ತೃಪ್ತಿಯಿಂದ ಮಾತು ಮುಗಿಸಿ ಇಡುತ್ತಿದ್ದರು. ನಾವು ನಗುತ್ತಿದ್ದೆವು.

ಅಣ್ಣ ಹೆದರಿದ. ದೊಡ್ಡ ಊರಿನ ಮನೋರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ನಡೆದದ್ದನ್ನು ಅವನೇ ಆಮೇಲೆ ನನಗೆ ಹೇಳಿದ್ದು. ಡಾಕ್ಟರ್ ಮಾಸ್ಕ್ ಹಾಕಿದ್ದರು, ಮೇಲೆ ಪ್ಲಾಸ್ಟಿಕ್ ಪರದೆ. ಹೊರಗೆ ಜನ ಗಿಜಿಗಿಜಿ. ಕೇಳಿದ್ದಕ್ಕೆ ದೊಡ್ಡವ್ವ ಉತ್ತರಿಸಲಿಲ್ಲ, ಸೊಸೆ ಉತ್ತರಿಸಿದಳು. ಇಲ್ಲದ ಸಪ್ಪಳ ಕೇಳಿಸುತ್ತದೆಯೇ? ಹೌದ್ರಿ. ಜನ ತನ್ನ ಬಗ್ಗೆ ಮಾತಾಡುತ್ತಾರೆ ಅನ್ನುತ್ತಾರೆಯೇ? ಹೌದ್ರಿ. ಒಬ್ಬರೇ ಮಾತಾಡಿಕೊಳ್ಳುತ್ತಾರೆಯೇ? ದಿನಾ ಹೌದ್ರಿ. ಕೇಳಿದ ಒಂದೊಂದು ಪ್ರಶ್ನೆಗೂ ಉತ್ತರ ಖರೆಯೇ ಇತ್ತು. ಏನು ಕೆಲಸ ಮಾಡಿದವರು ಎಂಬ ಪ್ರಶ್ನೆಯೊಂದು ಬರಲಿಲ್ಲ. ಬಾಗಿಲಲ್ಲಿ ಮುಂದಿನವರು ನಿಂತಾಗಿತ್ತು. ಗುಳಿಗೆ ಬರೆದುಕೊಟ್ಟರು.

ಅಂದಿನಿಂದ ನಾನು ಫೋನ್ ಮಾಡಿದಾಗೆಲ್ಲ ಅಣ್ಣ, "ಆರಾಮ ಅದಾಳ, ಮಲಗ್ಯಾಳ," ಅನ್ನುತ್ತಿದ್ದ. ಇಲ್ಲಿ ಹಾಸಿಗೆ ಹಿಡಿದ ಅವ್ವನನ್ನು ಬಿಟ್ಟು ನಾನು ಹೋಗುವ ಹಾಗಿರಲಿಲ್ಲ. ಹೀಗೆ ನೋಡದೆ ಉಳಿದ ದೊಡ್ಡವ್ವ, ಅವ್ವನ ಹೆಣದ ಮುಂದೆ ಕಂಡಳು.

ಅವ್ವನನ್ನು ಮಣ್ಣು ಮಾಡಿ ಬಂದ ಮೇಲೆ ನಾನು ಅಣ್ಣನಿಗೆ, "ಮೂರನೇ ದಿನದ ಕಾರ್ಯೇ ಮುಗಿಯೂತನಾ ದೊಡ್ಡವ್ವ ಇಲ್ಲೇ ಇರಲಿ," ಅಂದೆ. ಅತ್ತಿಗೆ ಒಂದು ಕೈಚೀಲದ ತುಂಬ ಗುಳಿಗೆ ಕೊಟ್ಟಳು. ಇದು ಬೆಳಿಗ್ಗೆ, ಇದು ಊಟ ಆದ ಮೇಲೆ, ಇದು ನಡುಗದ ಹಾಗೆ, ಇದು ನಿದ್ದೆಗೆ. ನಾನು ಚೀಲ ನೋಡಿದೆ, ಅವಳ ಮುಖ ನೋಡಿದೆ.

"ಮೊದಲ ಒಂದ ಗುಳಿಗಿ ಇತ್ತಲ್ಲ ವೈನಿ?"

"ಹೌದು. ಆಮ್ಯಾಗ ತುಟಿ ಭಾಳ ಆಡಸಾಕ ಹತ್ತಿದ್ರು. ಹಗಲೆಲ್ಲಾ ತಮ್ಮಷ್ಟಕ್ಕ ತಾವ ಮಾತಾಡತಾರ ಅಂತ ಹೇಳಿದ್ವಿ. ಹೆಚ್ಚಿಗಿ ಮಾಡಿಕೊಟ್ರು." ಅವಳ ದನಿಯಲ್ಲಿ ಕಪಟ ಇರಲಿಲ್ಲ. ದಣಿವಿತ್ತು. "ನಾ ಅವರ ಜೊಲ್ಲ ಒರಸಿ ಒರಸಿ ಸೆರಗ ಹರದಾವ ನೋಡ್ರಿ. ಬಿಟ್ಟಿಲ್ಲ."

ಮರುದಿನ ಮಧ್ಯಾಹ್ನ ದೊಡ್ಡವ್ವ ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಅವಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತೆ. ಅವಳ ಗದ್ದ ಹಿಡಿದು ನನ್ನ ಕಡೆ ತಿರುಗಿಸಿದೆ. ದನಿ ಬಿಟ್ಟು, ತುಟಿಗಳನ್ನು ಅಗಲಿಸಿ, ಶೆಡ್ಡಿನಲ್ಲಿ ಕೇಳುತ್ತಿದ್ದ ಹಾಗೆ ಕೇಳಿದೆ: "ಉಂಡಿ?"

ಏನೂ ಆಗಲಿಲ್ಲ. ದವಡೆ ತಿರುಗುತ್ತಲೇ ಇತ್ತು. ಮತ್ತೆ ಕೇಳಿದೆ. ಮತ್ತೆ. ಅವಳ ಕಣ್ಣು ನನ್ನ ಬಾಯಿಯ ಮೇಲೆ ಬಂದು ನಿಂತಿತು. ಆಳದ ಬಾವಿಯಿಂದ ಕೊಡ ಮೇಲೆ ಬರುವ ಹಾಗೆ ಒಂದು ನೋಟ ಮೇಲೆ ಬಂತು. ಆ ಮೆಲುಕಿನ ನಡುವೆ ತುಟಿಗಳು ತಡವರಿಸಿ ನಿಂತವು, ಬೇರೆ ರೀತಿ ಸರಿದವು. ಈ ಸಲ ಅಲ್ಲಿ ಮಾತಿತ್ತು.

"ನಾಲಿಗಿ ತಿರಗವಲ್ದು."

"ಯಾಕ ದೊಡ್ಡವ್ವ?" ಅಂದೆ, ದನಿ ಇಲ್ಲದೆ.

"ಗುಳಿಗಿ," ಅಂದವು ತುಟಿಗಳು. ಆಮೇಲೆ, "ಹೇಳಿದ್ನಿ. ಯಾರೂ ನೋಡಲಿಲ್ಲ."

ಯಾರೂ ಕೇಳಲಿಲ್ಲ ಅನ್ನಲಿಲ್ಲ. ನೋಡಲಿಲ್ಲ ಅಂದಳು. ಅವಳು ತುಟಿಯಲ್ಲಿ ಹೇಳಿದ್ದಳು. ಅವರು ಕಿವಿಯಲ್ಲಿ ಕಾದಿದ್ದರು. ಮುಂದೆ ಹೇಳಲು ಹೋದಳು. ಮತ್ತೆ ಆ ಮೆಲುಕು ಬಂದು ತುಟಿಗಳನ್ನು ಎಳೆದುಕೊಂಡು ಹೋಯಿತು. ಒಳಗೆ ಒಬ್ಬಳು ಎಚ್ಚರವಾಗಿ ಕೂತಿದ್ದಾಳೆ, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದ್ದಾರೆ, ಹಾಗನಿಸಿ ನಾನು ಎದ್ದು ಅಂಗಳಕ್ಕೆ ಹೋಗಿ ಗೋಡೆ ಹಿಡಿದು ನಿಂತೆ.

ಮೂರನೇ ದಿನ ಅಣ್ಣ ಬಂದ. ಮಾತಿನಲ್ಲಿ ಹೇಳಿದರೆ ನಂಬಲಾರ ಎಂದು, ದೊಡ್ಡವ್ವನ ಹಿಂದೆ ನಿಂತು ಒಂದು ಹಿತ್ತಾಳೆಯ ಗಂಗಾಳವನ್ನು ನೆಲಕ್ಕೆ ಬಿಟ್ಟೆ. ಬೀಗರ ಮಗು ಬೆಚ್ಚಿ ಅತ್ತಿತು. ದೊಡ್ಡವ್ವ ಕಣ್ಣು ಮಿಟುಕಿಸಲಿಲ್ಲ.

"ಗುಳಿಗಿ ತಗೊಂಡಾಗಿಂದ ಹಂಗ ಮಂಕ ಅದಾಳ ಅಕಿ," ಅಂದ ಅಣ್ಣ.

"ಮಂಕಲ್ಲ ಅಣ್ಣ. ಕೇಳಾಂಗಿಲ್ಲ. ಗುಳಿಗಿಗಿಂತ ಮೊದಲ ಕಿವಿ ಹೋಗ್ಯಾವ."

"ಹೋಗಿದ್ರ ಇಷ್ಟ ವರ್ಷ ನಮ್ಮ ಜೋಡಿ ಹೆಂಗ ಮಾತಾಡತಿದ್ಲು?"

"ನಿನ್ನ ಬಾಯಿ ನೋಡಿ ಮಾತಾಡತಿದ್ಲು. ಬಾಯಿಗಿ ಬಟ್ಟಿ ಕಟ್ಟಿದಿ, ನಿಂತತು."

ಕಟ್ಟೆಯ ಮೇಲಿದ್ದ ನಮ್ಮ ಕಾಕಾ ಒಬ್ಬರಿಗೆ ಏನು ನಡೆದಿದೆ ಎಂದು ತಿಳಿಯಲಿಲ್ಲ. ಯಾರೋ ತುಟಿಯಲ್ಲಿ ಹೇಳಿದರು. ಅವರು ಊರಿಗೆಲ್ಲ ಕೇಳುವ ಹಾಗೆ ಕೂಗಿದರು, "ಅಕೀವ ಹೋಗಿ ಎಷ್ಟ ದಿನಾ ಆತಲೇ! ನನ್ನವೂ ಹೋಗ್ಯಾವ, ಇವನವೂ ಹೋಗ್ಯಾವ. ಅದ್ರಾಗೇನ್ ಹೇಳೂದು?"

ಅದೇ ಆಗಿದ್ದು. ಹೇಳುವುದೇನಿದೆ ಎಂದು ನಾವು ಯಾರೂ ಹೇಳಿರಲಿಲ್ಲ. ಕೇಳುವುದೇನಿದೆ ಎಂದು ಅವರು ಯಾರೂ ಕೇಳಿರಲಿಲ್ಲ. ಆ ನಡುವಿನ ಸಂದಿಯಲ್ಲಿ ದೊಡ್ಡವ್ವ ಬಿದ್ದಿದ್ದಳು.

ಅಣ್ಣ ಮೊದಲು ಸಿಟ್ಟಿಗೆದ್ದ. "ನಾ ಏನ ಅಕಿನ್ನ ಬಾವಿಗಿ ನೂಕೀನೇನ? ಸಾಲಿ ಕಲತ ಡಾಕ್ಟರ್ ಹೇಳಿದ್ದ ಮಾಡೀನಿ!" ಅಂದ. ಯಾರೂ ಅವನಿಗೆ ಏನೂ ಅಂದಿರಲಿಲ್ಲ. ಆಮೇಲೆ ತಾಯಿಯ ಮುಂದೆ ಕೂತ. ಅವಳ ತುಟಿಗಳನ್ನು ಬಹಳ ಹೊತ್ತು ನೋಡಿದ. "ಏನ ಅನ್ನಾಕತ್ತಾಳ ಬೇ ಈಗ?" ಎಂದು ನನ್ನನ್ನು ಕೇಳಿದ.

"ಏನೂ ಇಲ್ಲ. ಅದು ಮಾತಲ್ಲ," ಅಂದೆ.

ಅವನು ಮುಖ ಮುಚ್ಚಿಕೊಂಡ.

ಜಮಖಂಡಿಯ ಕಿವಿ ಡಾಕ್ಟರು ದೊಡ್ಡವ್ವನ ತಲೆಗೆ ಮಷೀನು ಹಾಕಿ, ಸಪ್ಪಳ ಕೇಳಿದಾಗ ಬೆರಳೆತ್ತಲು ನನ್ನ ತುಟಿಯಿಂದ ಹೇಳಿಸಿದರು. ಬೆರಳು ಏಳಲಿಲ್ಲ. ಅವರು ಸಪ್ಪಳ ಏರಿಸುತ್ತ ಏರಿಸುತ್ತ ಹೋದರು, ಬಹಳ ಮೇಲೇರಿದಾಗ ಬೆರಳು ಒಂದಿಷ್ಟು ಎದ್ದಿತು. ಕೊನೆಗೆ ಹೇಳಿದರು, "ಮಗ್ಗದವರೇನ್ರಿ? ಹೊರಗಿನ ಸಪ್ಪಳ ಕಡಿಮಿ ಆದ್ರ ಕೆಲವರಿಗೆ ಕಿವಿ ತಾನ ಒಂದ್ ಸಪ್ಪಳ ಹುಟ್ಟಿಸಿಕೊಳ್ತೈತಿ. ಅದು ಹುಚ್ಚಲ್ಲ." ಗುಳಿಗೆಯ ಚೀಲ ನೋಡಿ ಅವರ ಹುಬ್ಬು ಮೇಲೆ ಹೋಯಿತು. ಅಣ್ಣ ಆ ಚೀಲವನ್ನು ಅಲ್ಲೇ ಕಸದ ಬುಟ್ಟಿಗೆ ಹಾಕಲು ಹೋದ. ಡಾಕ್ಟರು ಅವನ ಕೈ ಹಿಡಿದರು. "ಹಂಗ ಒಮ್ಮೆಲೆ ಬಂದ್ ಮಾಡೀರಿ ಮತ್ತ! ಅದೂ ಅಪಾಯ. ಮನೋರೋಗದವರ ಕೈಯಾಗನ ಇಳಸಬೇಕು." ಇನ್ನೊಂದು ಊರಿನ ಡಾಕ್ಟರ ಹೆಸರು ಹೇಳಿ ಕಳಿಸಿದರು.

ಆಕೆ ಹೆಣ್ಣುಮಗಳು. ಕುರ್ಚಿಯನ್ನು ದೊಡ್ಡವ್ವನ ಮೊಣಕಾಲಿಗೆ ತಾಗುವ ಹಾಗೆ ಎಳೆದುಕೊಂಡು ಕೂತರು. ಮೊದಲ ಪ್ರಶ್ನೆ ನನಗೆ: "ಇವರ ಕೈಬೆರಳು ಹಿಂಗ್ಯಾಕ ಅದಾವ್ರಿ? ಏನ್ ಕೆಲಸ ಮಾಡ್ತಿದ್ರು?" ಹೇಳಿದೆ. ಆಮೇಲೆ ಎಲ್ಲವನ್ನೂ ತುಟಿಯಲ್ಲಿ ಕೇಳಿಸಿದರು, ನಾನು ನಡುವೆ ಕೂತು ದಾಟಿಸಿದೆ. ಹೊರಗೆ ಕಾದವರು ಗೊಣಗಿದರು. ಆಕೆ ಏಳಲಿಲ್ಲ.

ಎಲ್ಲ ಮುಗಿದ ಮೇಲೆ ನಮಗೆ ಬಿಡಿಸಿ ಹೇಳಿದರು. ಇಲ್ಲದ ಸಪ್ಪಳಕ್ಕೆ ಎಂದು ಮೊದಲ ಗುಳಿಗೆ. ಅದರಿಂದ ಮೈ ಬಿಗಿಯಿತು, ಕೈ ನಡುಗಿತು. ನಡುಕಕ್ಕೆ ಎರಡನೆಯದು. ಅದರಿಂದ ನೆನಪು ಮಸುಕಾಯಿತು. ಜೊತೆಗೆ ನಿದ್ದೆಯದು. ಅಷ್ಟರಲ್ಲಿ ಮೊದಲನೆಯ ಗುಳಿಗೆಯೇ ತುಟಿ, ನಾಲಗೆಗಳನ್ನು ತನ್ನಷ್ಟಕ್ಕೆ ಆಡಿಸತೊಡಗಿತು. ಅದು ಆ ಗುಳಿಗೆ ಕೆಲವರಿಗೆ ಮಾಡುವ ಕೇಡು. ಅದನ್ನು ನೋಡಿದ ಮನೆಯವರು ಒಬ್ಬಳೇ ಮಾತಾಡುವುದು ಹೆಚ್ಚಾಯಿತು ಎಂದು ತಿಳಿದರು.

"ಅಂದ್ರ," ಅಂದ ಅಣ್ಣ. "ಗುಳಿಗಿ ಮಾಡಿದ್ದ ರೋಗಕ್ಕ ನಾವು ಅದ ಗುಳಿಗಿ ಹೆಚ್ಚ ಮಾಡಿಸೀವಿ?"

"ಹೌದ್ರಿ."

ಅಣ್ಣ ತೊಡೆಯ ಮೇಲಿದ್ದ ಗುಳಿಗೆಯ ಚೀಲವನ್ನು ನೆಲಕ್ಕಿಟ್ಟು ದೂರ ಸರಿಸಿದ.

"ಇವು ವಿಷ ಅಂತ ತಿಳಕೋಬ್ಯಾಡ್ರಿ," ಅಂದರು ಆಕೆ. "ಬೇಕಾದವರಿಗೆ ಇವು ಜೀವಾ ಉಳಸತಾವ. ಹೊರಗ ಕುಂತಾರಲ್ಲ, ಅವರಾಗ ಎಷ್ಟೋ ಮಂದಿ ಇವನ್ನ ತಗೊಂಡ ಸಂಸಾರ ಮಾಡಾಕತ್ತಾರ. ಇವರಿಗೆ ಬೇಕಾಗಿರಲಿಲ್ಲ, ಅಷ್ಟ."

"ತುಟಿ ನಿಲ್ಲತಾವಲ್ರಿ ಮೇಡಮ್?"

"ಕೆಲವರಿಗೆ ನಿಲ್ಲತಾವ. ಕೆಲವರಿಗೆ ಹಂಗ ಉಳೀತಾವ. ಈಗ ಹೇಳಾಕ ಬರಾಂಗಿಲ್ಲ."

ತುಟಿ ನೋಡಿ ತಿಳಿಯುವವರ ಮನೆಯಲ್ಲೇ ಇರಲಿ ಎಂದು ಅಣ್ಣನೇ ಹೇಳಿ ದೊಡ್ಡವ್ವನನ್ನು ನಮ್ಮಲ್ಲಿ ಬಿಟ್ಟ. ಗುಳಿಗೆ ಕಾಲು ಭಾಗ, ಅರ್ಧ ಭಾಗ ಎಂದು ನಿಧಾನಕ್ಕೆ ಇಳಿದವು. ಇಳಿಯುವಾಗ ಸುಖ ಇರಲಿಲ್ಲ. ಅವಳಿಗೆ ನಿದ್ದೆ ಬಾರದು. ಇದ್ದಕ್ಕಿದ್ದಂತೆ ಸಿಟ್ಟು, ಬೆವರು. ಒಂದು ಸಲ ಊಟದ ತಾಟನ್ನು ತಳ್ಳಿದಳು. ಮೊದಲ ಡಾಕ್ಟರೇ ಖರೆ ಇದ್ದರೇನೋ ಅನಿಸಿತು. ಮೇಡಮ್ಮಿಗೆ ಫೋನ್ ಮಾಡಿದೆ. "ಸಾವಕಾಶ, ಎರಡು ಹೆಜ್ಜಿ ಹಿಂದ ಹೋಗಿ ಮತ್ತ ಇಳಸೂಣು," ಅಂದರು. ಹಾಗೆಯೇ ಮಾಡಿದೆವು.

ಕಿವಿಗೆ ಮಷೀನು ತಂದೆವು. ಹಾಕಿದ ದಿನ ಅವಳು ತಲೆ ತಿರುಗಿಸಿ ತಿರುಗಿಸಿ ನೋಡಿದಳು. ನಾನು, ನನ್ನ ಗಂಡ, ಗ್ಯಾಸಿನವನು ಮೂವರೂ ಬಾಗಿಲಲ್ಲಿ ವಾದ ಮಾಡುತ್ತಿದ್ದೆವು. "ಯವ್ವಾ, ನೀವು ಇಷ್ಟ ಒದರತೀರೇನ?" ಅಂದಳು ದನಿ ತೆಗೆದು. "ಇದಕ್ಕಿಂತ ಮಗ್ಗನ ಛಲೋ!" ನಾಲಗೆ ಇನ್ನೂ ತೊದಲುತ್ತಿತ್ತು. ಆದರೆ ಆ ಕುಟುಕು ಅವಳದೇ. ಗ್ಯಾಸಿನವನು ಸಿಲಿಂಡರ್ ಕೆಳಗಿಟ್ಟು ನಕ್ಕ. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಒಂದು ಮುಂಜಾನೆ ಚಹಾ ಕೊಟ್ಟೆ. ದೊಡ್ಡವ್ವ ಬಟ್ಟಲು ಹಿಡಿದು, ಅವ್ವನ ಫೋಟೋ ತೂಗುಹಾಕಿದ್ದ ಎದುರಿನ ಗೋಡೆ ನೋಡುತ್ತಿದ್ದಳು. ಆ ಗೋಡೆಯ ಎದುರು ಅವಳು ದಿನವೂ ಕೂತಿದ್ದಾಳೆ. ಅವತ್ತು ಮೊದಲ ಸಲ ನೋಡಿದಂತೆ ನೋಡಿದಳು.

"ಅಕಿ ಫೋಟೋಕ್ಕ ಹಾರ ಯಾಕ ಹಾಕೀರಿ ಬೇ?"

ಅವಳಿಗೆ ಗೊತ್ತಿಲ್ಲ ಎಂದು ನನಗೆ ಹೊಳೆದೇ ಇರಲಿಲ್ಲ.

"ದೊಡ್ಡವ್ವ... ಅವ್ವ ಹೋಗ್ಯಾಳ."

"ಎಲ್ಲಿಗಿ?"

ಮುಂದೆ ಕೂತು, ದನಿಯನ್ನೂ ತುಟಿಯನ್ನೂ ಕೂಡಿಸಿ ಹೇಳಿದೆ. ಅವಳು ನನ್ನ ಬಾಯಿಂದ ಕಣ್ಣು ಕೀಳಲಿಲ್ಲ.

"ನನಗ ಯಾಕ ಹೇಳಿ ಕಳಿಸಲಿಲ್ಲ?"

"ನೀ ಬಂದಿದ್ದಿ ದೊಡ್ಡವ್ವ. ಇಲ್ಲೇ ಕುಂತಿದ್ದಿ. ಅಕಿ ಎದುರಿಗೇ."

"ನಾ ಬಂದಿದ್ನಿ?" ನೆಲ ನೋಡಿದಳು, ತಾನು ಕೂತಿದ್ದ ಗುರುತು ಅಲ್ಲಿ ಇದ್ದೀತೆನ್ನುವ ಹಾಗೆ. ತುಟಿಗಳು ತಮ್ಮಷ್ಟಕ್ಕೆ ಆಡಿದವು, ಅವಳು ಅವನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ ಕೇಳಿದಳು, "ಅತ್ನೇನ?"

ಸುಳ್ಳು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. "ಇಲ್ಲ," ಅಂದೆ.

ಚಹಾದ ಬಟ್ಟಲು ಕೆಳಗಿಟ್ಟಳು. ಸೆರಗು ತಲೆಯ ಮೇಲೆ ಎಳೆದುಕೊಂಡಳು. ಫೋಟೋದ ಕಡೆ ತಿರುಗಿ ಕೂತು, ಎರಡೂ ಕೈ ನೆಲಕ್ಕೆ ಬಡಿದು ಎತ್ತಿಕೊಂಡಳು: "ಎದುರ ಮಗ್ಗದಾಗ ಕುಂತಾಕಿ, ಎಳಿ ಹರದರ ಕೂಡಸಾಕೀ, ನನ್ನ ಬಿಟ್ಟ ಎಲ್ಲಿಗಿ ಹ್ವಾದೆವ್ವ ತಂಗೀ..." ನಾಲಗೆ ತಡವರಿಸಿದಲ್ಲಿ ನಿಂತಳು, ಮತ್ತೆ ಅಲ್ಲಿಂದಲೇ ಎತ್ತಿಕೊಂಡಳು. ತಂಗಿಗೆ ಜಡೆ ಹೆಣೆದದ್ದು ಬಂತು, ಇಬ್ಬರೂ ಒಂದೇ ಸೀರೆಗೆ ಜಗಳಾಡಿದ್ದು ಬಂತು, ತಂಗಿ ಫೋನಿನಲ್ಲಿ ಸೊಂಟದ ನೋವು ಹೇಳಿಕೊಂಡದ್ದು ಬಂತು. ಆ ಮಾತು ಅಂದು ದೊಡ್ಡವ್ವನಿಗೆ ಕೇಳಿಸಿತ್ತೇ? ನನಗೆ ಇವತ್ತಿಗೂ ತಿಳಿದಿಲ್ಲ.

ಓಣಿಯ ಹೆಂಗಸರು ಓಡಿ ಬಂದರು. "ಯಾರು? ಯಾರು ಹ್ವಾದ್ರು?" ಎಂದು ಬಾಗಿಲಲ್ಲಿ ಒಬ್ಬರನ್ನೊಬ್ಬರು ಕೇಳಿದರು. ಒಳಗೆ ನೋಡಿದರು. ಹಣೆಯ ಮೇಲೆ ಕೈಯಿಟ್ಟುಕೊಂಡು ನಿಂತರು. ಅಂದು "ಇದೂ ಒಂದ, ಮದವೀನೂ ಒಂದ" ಅಂದಾಕೆ ಮೊದಲು ಒಳಗೆ ಬಂದು, ದೊಡ್ಡವ್ವನ ಪಕ್ಕ ಕೂತು, ಅವಳ ಹೆಗಲಿಗೆ ಹಣೆ ಹಚ್ಚಿ ದನಿಗೂಡಿಸಿದಳು. ಆಮೇಲೆ ಎಲ್ಲರೂ ಕೂತರು. ಅವ್ವ ಹೋಗಿ ಎಷ್ಟೋ ತಿಂಗಳಾದ ಮೇಲೆ ನಮ್ಮ ಪಡಸಾಲೆಯಲ್ಲಿ ಅವಳಿಗಾಗಿ ಅಳು ಎದ್ದಿತು.

ಗುಳಿಗೆಗಳು ಪೂರ್ತಿ ನಿಂತ ಮೇಲೂ ದೊಡ್ಡವ್ವನ ತುಟಿ ನಿಲ್ಲಲಿಲ್ಲ. ಕಡಿಮೆಯಾಗಿದೆ, ನಿಂತಿಲ್ಲ. ಉಣ್ಣುವಾಗ ಕೆಲವು ಸಲ ನಾಲಗೆ ಕಚ್ಚಿಕೊಳ್ಳುತ್ತಾಳೆ. ಕೈ ನಡುಕ ಹೋಗಿದೆ. ಆ ಮಸುಕಿನ ದಿನಗಳಲ್ಲಿ ನಡೆದದ್ದನ್ನು ನಾವು ಹೇಳಿದರೆ ಬೇರೆ ಯಾರದೋ ಕಥೆ ಕೇಳಿದ ಹಾಗೆ ಕೇಳುತ್ತಾಳೆ. ಕೇಳಿ, "ಅಯ್ಯ, ಪಾಪ," ಅನ್ನುತ್ತಾಳೆ.

ದೀಪಾವಳಿ ಕಳೆದ ಮೇಲೆ ಅಣ್ಣ, ಅತ್ತಿಗೆ ಅವಳನ್ನು ಕರೆದುಕೊಂಡು ಹೋಗಲು ಬಂದರು. ಅತ್ತಿಗೆ ಹೊಸ ಸೀರೆ ತಂದಿದ್ದಳು. ಅಣ್ಣ ತಾಯಿಯ ಎದುರು ಕೂತು, ತಪ್ಪುತಪ್ಪಾಗಿ, ತುಟಿಗಳನ್ನು ಅತಿಯಾಗಿ ಅಗಲಿಸಿ, ದನಿ ಇಲ್ಲದೆ ಕೇಳಿದ: "ಮನಿಗಿ ಬರತಿಯೇನವ್ವಾ?"

ದೊಡ್ಡವ್ವ ನಕ್ಕಳು. "ಬಾಯಿ ಅಷ್ಟ ಯಾಕ ತೆಗೀತಿಯೋ ತಮ್ಮಾ, ನೊಣಾ ಹೊಕ್ಕಾವು," ಅಂದಳು. ಆಮೇಲೆ ಅವನ ತಲೆಯ ಮೇಲೆ ಕೈ ಇಟ್ಟಳು. "ನಾ ಬರಾಂಗಿಲ್ಲ. 'ನಿನ್ನ ಮ್ಯಾಲ ಸಿಟ್ಟ' ಅಂತ ತಿಳಕೋಬ್ಯಾಡ. ಅಲ್ಲಿ ಎಲ್ಲಾರೂ ನನ್ನ ತುಟೀನ ನೋಡತಾರ. ಇಲ್ಲಿ ಎಲ್ಲಾರ ತುಟೀನೂ ಆಡತಾವ."

ಅಣ್ಣ ನಮ್ಮಲ್ಲೇ ಊಟ ಮಾಡಿದ. ಸಂಜೆಯ ಬಸ್ಸಿಗೆ ಇಬ್ಬರೂ ಜಮಖಂಡಿಗೆ ಹೋದರು. ಮುಂದಿನ ರವಿವಾರ ಟಂಟಂ ಗಾಡಿಯಲ್ಲಿ ದೊಡ್ಡವ್ವನ ಮಂಚ, ಹಾಸಿಗೆ ಹೇರಿಕೊಂಡು ಬಂದು, ತಾನೇ ಹೊತ್ತು ಒಳಗೆ ತಂದು, ಕಿಟಕಿಯ ಪಕ್ಕ ಹಾಕಿಕೊಟ್ಟು ಹೋದ.